ಕಾಗೆಬಂಡೆಯಲ್ಲಿ ಇಳಿದ ಸ್ವಾಮಿಗಳು

ಶ್ರೀ ಅನಂತಬೋಧ ಸ್ವಾಮಿಗಳು ಸಂಚಾರಕ್ಕೆ ಪಲ್ಲಕ್ಕಿಯನ್ನು ಬಳಸುತ್ತಿರಲಿಲ್ಲ. ಯಾರೂ ಕಳುಹಿಸುತ್ತಲೂ ಇರಲಿಲ್ಲ. ಕರಾವಳಿಯಲ್ಲಿ ಅವರು ಸರಕಿನ ಹಾಯಿದೋಣಿ ಹತ್ತಿ, ಮೂಟೆಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ಕುಳಿತು ಪ್ರಯಾಣ ಮಾಡುತ್ತಿದ್ದರು. ಅಂದು ಕಡವಿನಕೇರಿ ಬಂದರಿನಲ್ಲಿ ಅವರಿಗೆ ಸಿಕ್ಕ ದೋಣಿಯಲ್ಲಿ ಮೂಟೆಗಳಿರಲಿಲ್ಲ, ನಾಯಿಗಳಿದ್ದವು.

ಕಡವಿನಕೇರಿಯವರು ಪಾಪಕ್ಕೆ ಹೆದರುವ ಜನ. ಮಳೆಗಾಲ ಮುಗಿದು ಮರಳಿನ ಮೇಲೆ ಮೀನು ಒಣಹಾಕುವ ಕಾಲ ಬಂತೆಂದರೆ ಬೀದಿನಾಯಿಗಳ ಕಾಟ ಹೆಚ್ಚುತ್ತಿತ್ತು. ಕೊಂದರೆ ಪಾಪ. ಆದ್ದರಿಂದ ಅವುಗಳ ಕಾಲು ಕಟ್ಟಿ, ಸಮುದ್ರದ ನಡುವಿನ ಕಾಗೆಬಂಡೆ ಎಂಬ ಬೋಳು ದ್ವೀಪಕ್ಕೆ ಸಾಗಿಸಿ, ಕಟ್ಟು ಬಿಚ್ಚಿ ಬಿಡುತ್ತಿದ್ದರು. ಉಪವಾಸ ಬಿಡುತ್ತಿರಲಿಲ್ಲ. ಒಂದು ಬುಟ್ಟಿ ಉಪ್ಪುಮೀನಿನ ತಲೆಗಳನ್ನು ಸುರಿದು, ದೇವರಿಗೆ ಕೈಮುಗಿದು, ತಿರುಗಿ ನೋಡದೆ ಬರುವುದು ಪದ್ಧತಿ. ಬಂಡೆಯ ಮೇಲೆ ಸಿಹಿನೀರಿರಲಿಲ್ಲ. ಮರುವರ್ಷ ಹೋದಾಗ ಒಂದು ನಾಯಿಯೂ ಕಾಣದ್ದರಿಂದ, ದೇವರು ಅವುಗಳಿಗೆ ಬೇರೆ ವ್ಯವಸ್ಥೆ ಮಾಡಿದ್ದಾನೆಂದು ಊರವರು ನಂಬಿದ್ದರು.

ದೋಣಿ ನಡೆಸುವ ತಾಂಡೇಲನ ಹೆಸರು ಜಟ್ಟಿ ಹರಿಕಂತ್ರ. ಸನ್ಯಾಸಿಗಳ ಮೇಲೆ ಅವನಿಗೆ ವಿಶೇಷ ಗೌರವವಿರಲಿಲ್ಲ. ಕಾವಿಯವರು ಹತ್ತಿದರೆ ಗಾಳಿ ಕೈಕೊಡುವುದಿಲ್ಲವೆಂಬ ಮಾತಿದ್ದುದರಿಂದ ಹತ್ತಿಸಿಕೊಂಡಿದ್ದ.

“ಸ್ವಾಮ್ಯಾರೇ, ಇವೂ ನಿಮ್ಮ ಹಾಂಗೇ. ಕರೀದೇ ಉಣ್ಣೂಕೆ ಬತ್ತವೆ,” ಎಂದ. ಆಳುಗಳು ನಕ್ಕರು. ಸ್ವಾಮಿಗಳೂ ನಕ್ಕು, ಅವು ಮನೆ ಕಾವಲಾದರೂ ಕಾಯುತ್ತವೆ, ತಮ್ಮಿಂದ ಅದೂ ಆಗದು ಎಂದು ಒಪ್ಪಿಕೊಂಡರು.

ಬಂಡೆ ಬಂತು. ನಾಯಿಗಳನ್ನು ಇಳಿಸಿದ್ದಾಯಿತು, ಬುಟ್ಟಿ ಸುರಿದದ್ದಾಯಿತು, ಕೈಮುಗಿದದ್ದೂ ಆಯಿತು. ಅಷ್ಟರಲ್ಲಿ ಸ್ವಾಮಿಗಳು ತಾವೂ ಇಳಿದು ನಾಯಿಗಳ ನಡುವೆ ಕುಳಿತರು. ತಾವು ಇಲ್ಲಿಯೇ ಇರುವುದಾಗಿಯೂ, ದೋಣಿ ಹೊರಡಬಹುದೆಂದೂ ತಿಳಿಸಿದರು.

ಜಟ್ಟಿ ಮೊದಲು ಇದನ್ನು ತಮಾಷೆಯೆಂದುಕೊಂಡ. ಕರೆದ, ಬೇಡಿದ, ಗದರಿಸಿದ. ಸನ್ಯಾಸಿಯೊಬ್ಬರು ಇಲ್ಲಿ ಸತ್ತರೆ ಆ ಪಾಪ ಯಾರ ತಲೆಗೆ ಬರುತ್ತದೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

“ಸ್ವಾಮ್ಯಾರೇ, ಇಲ್ಲಿ ಕುಡೂಕೆ ನೀರಿಲ್ಲ. ಸತ್ತೋಗ್ತ್ರಿ.”

“ಇವಕ್ಕೆ ಹೇಳಿದ್ದೀಯಾ?” ಎಂದರು ಸ್ವಾಮಿಗಳು.

ತಿರುಗಿ ನೋಡದೆ ಹೋಗುವ ಪದ್ಧತಿ ಅಂದು ನಡೆಯುವಂತಿರಲಿಲ್ಲ, ಜಟ್ಟಿ ನೋಡುತ್ತ ನಿಲ್ಲಬೇಕಾಯಿತು. ಬಿಳಿ ಕಿವಿಯ ನಾಯಿಯೊಂದು ಉಪ್ಪುಮೀನಿನ ತಲೆಯನ್ನು ತಿಂದು ಮುಗಿಸಿ, ಬಂಡೆಯ ಅಂಚಿಗೆ ಹೋಗಿ ಸಮುದ್ರದ ನೀರಿಗೆ ನಾಲಿಗೆ ಹಾಕಿತು. ತಲೆ ಕೊಡವಿತು. ಮತ್ತೆ ಹಾಕಿತು. ಆಮೇಲೆ ಬಂದು ಜಟ್ಟಿಯ ಮುಖ ನೋಡುತ್ತ ಕುಳಿತಿತು.

ಅವನು ದೋಣಿಯಿಂದ ಕುಡಿಯುವ ನೀರಿನ ಕೊಡ ತಂದು ಸ್ವಾಮಿಗಳ ಮುಂದಿಟ್ಟ. ಸ್ವಾಮಿಗಳು ಅದನ್ನು ನಾಯಿಗಳ ಕಡೆಗೆ ಬಗ್ಗಿಸಿದರು. ಕೊಡ ಖಾಲಿಯಾಯಿತು. ಇನ್ನು ನೀರಿಲ್ಲದೆ ಮುಂದಿನ ಬಂದರಿಗೆ ಹೋಗುವಂತಿರಲಿಲ್ಲ, ಕಡವಿನಕೇರಿಗೇ ಮರಳಬೇಕಿತ್ತು. ಜಟ್ಟಿ ನಾಯಿಗಳನ್ನು ತಾನೇ ಎತ್ತಿ ದೋಣಿಗೆ ಹಾಕತೊಡಗಿದ. ಈ ಸಲ ಕಾಲು ಕಟ್ಟಲಿಲ್ಲ. ಒಂದು ಅವನ ಕೈ ಕಚ್ಚಿತು, ಅವನು ಬೈಯಲಿಲ್ಲ. ಕೊನೆಯ ನಾಯಿ ಹತ್ತಿದ ಮೇಲೆ ಸ್ವಾಮಿಗಳು ಯಾರೂ ಕರೆಯದೆ ಎದ್ದು ಬಂದರು.

ಕಡವಿನಕೇರಿಯ ಹಿರಿಯರಿಗೆ ಇದು ಹಿಡಿಸಲಿಲ್ಲ. ಮೀನು ಹೋದರೆ ಹೊಣೆ ಯಾರೆಂದು ಕೇಳಿದರು. ತಾನೇ ಎಂದ ಜಟ್ಟಿ. ಬಿದಿರು ತಂದು ಎದೆಯೆತ್ತರಕ್ಕೆ ಅಟ್ಟ ಕಟ್ಟಿ, ಅದರ ಮೇಲೆ ಮೀನು ಹರವಿದ. ಇಷ್ಟು ಸುಲಭದ ಉಪಾಯ ಅಲ್ಲಿಯವರೆಗೆ ಯಾರಿಗೂ ಹೊಳೆಯದಿರಲು ಕಾರಣವಿತ್ತು: ಬಂಡೆ ಹತ್ತಿರದಲ್ಲಿತ್ತು.

ಸ್ವಾಮಿಗಳು ಹೊರಡುವಾಗ ಜಟ್ಟಿ ಉಪದೇಶ ಕೇಳಿದ. ಅವರು ಖಾಲಿ ಕೊಡವನ್ನು ಅವನ ಕೈಗೆ ಕೊಟ್ಟು ನಡೆದರು.

ಮುಂದೆ ಭಕ್ತರು ಜಟ್ಟಿಯ ಮನೆಗೆ ಬಂದು, ಅಂದು ಸ್ವಾಮಿಗಳು ಯಾವ ಪವಾಡ ಮಾಡಿದರೆಂದು ವಿಚಾರಿಸುತ್ತಿದ್ದರು. ಸಮುದ್ರ ಶಾಂತವಾಯಿತೇ, ಬಂಡೆಯಿಂದ ಗಂಗೆ ಉಕ್ಕಿದಳೇ ಎಂದು ನೆರವಾಗುತ್ತಲೂ ಇದ್ದರು.

“ಇಳಿದ್ರು,” ಎನ್ನುತ್ತಿದ್ದ ಜಟ್ಟಿ. ಅವರು ಇನ್ನೂ ಏನೋ ಇದೆಯೆಂದು ಕಾಯುತ್ತಿರುವಾಗಲೇ ಎದ್ದು, ಬಾಗಿಲಲ್ಲಿದ್ದ ನಾಯಿಗಳ ನೀರಿನ ಬಾನಿ ತುಂಬಿಸಲು ಹೋಗುತ್ತಿದ್ದ.