ಮುಕ್ಕಾಲಿ ಮೇಕೆ

"ಗುರುಗಳೇ, ನಾಲ್ಕರಲ್ಲಿ ಮೂರು ಆಯಿತು. ಮುಕ್ಕಾಲು ಸಾಲದೇ?" ಎಂದು ಶಿಷ್ಯ ಕೇಳಿದ.

ಮೂರು ದಿನ ಬಿಟ್ಟು ಅವನಿಗೆ ದೀಕ್ಷೆ. ಅದಕ್ಕೆ ಮೊದಲು ಗುರುಗಳು ಒಂದೇ ಕೆಲಸ ಹೇಳಿದ್ದರು. ನೀನು ಯಾರನ್ನು ನೋಯಿಸಿದ್ದೀಯೋ ಅವರ ಹತ್ತಿರ ಹೋಗಿ ಕ್ಷಮೆ ಕೇಳಿ ಬಾ, ಎಂದು. ಶಿಷ್ಯ ಬಹಳ ಯೋಚಿಸಿ ನಾಲ್ಕು ಹೆಸರು ಹೇಳಿದ್ದ. ನಾಲ್ಕೇ ಹೆಸರು ಎಂದು ತಿಳಿದಾಗ ಗುರುಗಳ ಹುಬ್ಬು ಮೇಲೆ ಹೋಗಿತ್ತು.

ಶಿಷ್ಯ ವರದಿ ಒಪ್ಪಿಸಿದ. "ಊರ ಯಜಮಾನರ ಕಾಲು ಹಿಡಿದೆ, ಆಶೀರ್ವಾದ ಮಾಡಿದರು. ಸೋದರಮಾವನ ಕಾಲು ಹಿಡಿದೆ, ಕೂರಿಸಿ ಪಾಯಸ ಹಾಕಿಸಿದರು. ಅಕ್ಷರ ಕಲಿಸಿದ ಮೇಷ್ಟರ ಕಾಲು ಹಿಡಿದೆ. ನಾನು ಏನು ಬೈದಿದ್ದೆ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ನಾನೇ ನೆನಪು ಮಾಡಿಕೊಟ್ಟು ಕ್ಷಮೆ ಕೇಳಬೇಕಾಯಿತು."

"ನಾಲ್ಕನೆಯವರು?"

"ನನ್ನ ತಮ್ಮ." ಶಿಷ್ಯ ನೆಲ ನೋಡಿದ. "ಅವನ ಮದುವೆಯಲ್ಲಿ, ಬೀಗರ ಮುಂದೆ, ಅವನ ಕೆನ್ನೆಗೆ ಹೊಡೆದಿದ್ದೆ. ಆರು ವರ್ಷವಾಯಿತು. ನನ್ನನ್ನು ಕಂಡರೆ ಆ ಕಡೆ ತಿರುಗುತ್ತಾನೆ. ಅವನು ಮುಖವನ್ನೇ ಕೊಡದಿದ್ದರೆ ನಾನೇನು ಮಾಡಲಿ? ಅದೂ ಅಲ್ಲದೆ ನನಗಿಂತ ಎಂಟು ವರ್ಷ ಚಿಕ್ಕವನು. ಚಿಕ್ಕವನ ಕಾಲು ಹಿಡಿಯುವುದೆಂದರೆ... ಮುಕ್ಕಾಲು ಮುಗಿಯಿತಲ್ಲ ಗುರುಗಳೇ. ಉಳಿದದ್ದು ಬರೀ ಕಾಲು."

"ಬರೀ ಕಾಲು ಅಂದೆಯಲ್ಲ, ಹಾಗಾದರೆ ಒಂದು ಕಾಲಿನ ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಬಗ್ಗದ ಆಸಾಮಿ ಎಂದು ಊರಲ್ಲಿ ಹೆಸರು. ಒಳಗೆ ಹೋಗುವಾಗೆಲ್ಲ ಬಾಗಿಲಿನ ಮೇಲ್ಪಟ್ಟಿ ಅವನ ತಲೆಗೆ ಬಡಿಯುತ್ತಿತ್ತು. ಅವನು ತಲೆ ಬಗ್ಗಿಸಲಿಲ್ಲ, ಬಾಗಿಲನ್ನೇ ಎತ್ತರ ಮಾಡಿಸಿದ. ಅಂಥವನು.

ಅವನ ಮನೆಯಲ್ಲಿ ಇದ್ದದ್ದು ಒಂದೇ ಮೇಕೆ. ಗಬ್ಬದ ಮೇಕೆ. ಮರಿ ಹಾಕಲು ಇನ್ನು ಮೂರು ವಾರವಿತ್ತು. ಒಂದು ದಿನ ಅದು ಮೇದು ಬರುವಾಗ ಬಲಗಡೆಯ ಹಿಂಗಾಲನ್ನು ನೆಲಕ್ಕೆ ಊರದೆ, ಮೂರೇ ಕಾಲಿನಲ್ಲಿ ಕುಪ್ಪಳಿಸಿಕೊಂಡು ಬಂತು.

ಬೇರೆ ಮೇಕೆಯಾಗಿದ್ದರೆ ಕೆಲಸ ಸುಲಭ. ಕೆಡವಿ, ಮಗ್ಗುಲಾಗಿ ಮಲಗಿಸಿ, ಕಾಲು ಎತ್ತಿ ನೋಡಿದರಾಯಿತು. ರೈತ ಅದನ್ನೇ ಮಾಡಹೊರಟ. ಹೆಂಡತಿ ಓಡಿ ಬಂದು ಅಡ್ಡ ನಿಂತಳು.

"ಗಬ್ಬದ ಮೇಕೆನ ಕೆಡವ್ತಾರೇನ್ರೀ? ಹೊಟ್ಟೆಗೆ ಪೆಟ್ಟು ಬಿದ್ರೆ ಮರಿ ಹೋಗುತ್ತೆ. ಅದನ್ನ ಬಗ್ಗಿಸಬೇಡಿ, ನೀವು ಬಗ್ಗಿ."

ಮೊದಲಿನ ಮಾತೆಲ್ಲ ರೈತನಿಗೆ ಕೇಳಿಸಿತು. ಕೊನೆಯ ಮಾತು ಕೇಳಿಸಲಿಲ್ಲ. ಅವನ ಕಿವಿ ಹಾಗೇ ಇತ್ತು.

ಅವನು ಒಂದು ಮಣೆ ತರಿಸಿ ಅದರ ಮೇಲೆ ನೆಟ್ಟಗೆ ಕುಳಿತ. ಮೇಕೆ ಮಲಗಿತ್ತು. ಮೂರು ಕಾಲು ಹೊರಗೆ ಚಾಚಿಕೊಂಡಿದ್ದವು. ನೋಯುವ ಕಾಲನ್ನು ಅದು ಹೊಟ್ಟೆಯ ಕೆಳಗೆ ಮಡಚಿ ಇಟ್ಟುಕೊಂಡಿತ್ತು. ರೈತ ಕೈಗೆ ಸಿಕ್ಕ ಮೂರು ಕಾಲುಗಳನ್ನು ಬಿಸಿನೀರಿನಲ್ಲಿ ತೊಳೆದ. ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದ. ಮೂರಕ್ಕೂ ಬಿಳಿ ಬಟ್ಟೆ ಸುತ್ತಿ ಗಂಟು ಹಾಕಿದ.

ಹೆಂಡತಿ ಬಂದು ನೋಡಿದಳು. "ಮದುವಣಗಿತ್ತಿ ಥರ ಸಿಂಗಾರ ಮಾಡಿದ್ದೀರಿ. ಕುಂಟೋ ಕಾಲೆಲ್ಲಿ?"

"ಅದನ್ನ ಅದೇ ಕೊಡ್ತಾ ಇಲ್ಲ. ನಾನೇನು ಮಾಡ್ಲಿ? ಮುಕ್ಕಾಲು ಆಯ್ತಲ್ಲ" ಎಂದ ರೈತ.

ಮೂರು ದಿನ ಇದೇ ನಡೆಯಿತು. ದಿನವೂ ಹೊಸ ಬಿಸಿನೀರು, ಹೊಸ ಅರಿಶಿನ, ಹೊಸ ಬಟ್ಟೆ. ನಾಲ್ಕನೆಯ ದಿನ ಒಬ್ಬ ವ್ಯಾಪಾರಿ ಆ ದಾರಿಯಲ್ಲಿ ಹೋಗುವಾಗ ಬೇಲಿಯ ಹತ್ತಿರ ನಿಂತ.

"ಏನಯ್ಯಾ, ಇಷ್ಟೊಂದು ಕಟ್ಟು ಕಟ್ಟಿದ್ದೀಯ. ಯಾವ ಕಾಲಿಗೆ ಪೆಟ್ಟು?"

"ಕಟ್ಟು ಇಲ್ಲದೇ ಇರೋ ಕಾಲಿಗೆ" ಎಂದ ರೈತ.

ವ್ಯಾಪಾರಿ ಬೇಲಿಯ ಗೂಟ ಹಿಡಿದುಕೊಂಡು ನಕ್ಕ. "ಹಂಗಾದ್ರೆ ಇದು ಮೇಕೆ ಅಲ್ಲ ಬಿಡು, ಮುಕ್ಕಾಲಿ. ನಮ್ಮನೇಲಿ ಕೂತ್ಕೊಳ್ಳೋಕೆ ಬೇಕಿತ್ತು, ಕೊಡ್ತೀಯಾ?"

ಅಂದು ಸಂಜೆ ಮೇಕೆ ಏಳಲಿಲ್ಲ. ಮುಂದಿಟ್ಟ ಸೊಪ್ಪನ್ನು ಮೂಸಿಯೂ ನೋಡಲಿಲ್ಲ. ಮೇಕೆ ಸೊಪ್ಪು ಬಿಟ್ಟಿತು ಎಂದರೆ ಅದು ತಮಾಷೆಯ ಮಾತಲ್ಲ. ಹೆಂಡತಿ ಬೈಯಲಿಲ್ಲ. ರೈತನ ಕೈ ಹಿಡಿದು ಮೇಕೆಯ ಹೊಟ್ಟೆಯ ಮೇಲೆ ಇಟ್ಟಳು. ಒಳಗೆ ಏನೋ ಮಿಸುಕಿತು. ಕೈಯನ್ನು ಆ ಕಡೆ ಸರಿಸಿದಳು. ಅಲ್ಲೂ ಮಿಸುಕಿತು.

"ಎರಡಿವೆ. ತಾಯಿ ತಿನ್ನದೇ ಇದ್ರೆ ಅವು ಏನು ತಿಂತವೆ?" ಎಂದಳು.

ರೈತ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಎದ್ದು, ಮಣೆಯನ್ನು ತೆಗೆದು ಬೇಲಿಯ ಆಚೆ ಎಸೆದ.

ಬೆಳಗ್ಗೆ ಹೆಂಡತಿ ಮೇಕೆಯ ಹೊಟ್ಟೆಯ ಅಡಿಗೆ ಕಂಬಳಿ ತೂರಿಸಿ, ನಿಧಾನವಾಗಿ ಆನಿಸಿ ನಿಲ್ಲಿಸಿದಳು. ರೈತ ನೆಲದ ಮೇಲೆ ಬೋರಲು ಮಲಗಿದ. ಮೇಕೆಯ ಹಿಕ್ಕೆ, ಗಂಜಲ, ಎಲ್ಲದರ ಮೇಲೆ. ಕೆನ್ನೆಯನ್ನು ನೆಲಕ್ಕೆ ಹಚ್ಚಿ ಮೇಲೆ ನೋಡಿದ. ಆಗ ಕಾಣಿಸಿತು. ಗೊರಸಿನ ಎರಡು ಹೋಳುಗಳ ನಡುವೆ ಜಾಲಿಮುಳ್ಳು ಮುರಿದು ಕೂತಿತ್ತು. ಸುತ್ತ ಕೀವು ಕಟ್ಟಿತ್ತು. ನಿಂತು ನೋಡಿದ್ದರೆ ನೂರು ವರ್ಷವಾದರೂ ಅದು ಕಾಣುತ್ತಿರಲಿಲ್ಲ.

ಕಾಲನ್ನು ತಿರುಚದೆ ಒಂದು ಗೇಣು ಮಾತ್ರ ಎತ್ತಿದ. ಮೇಕೆ ಒದೆಯಿತು. ಒದೆ ಮೂಗಿಗೆ ಬಿತ್ತು. ಮತ್ತೆ ಹಿಡಿದ. ಮೇಕೆ ಈ ಸಲ ಒದೆಯಲಿಲ್ಲ, ಅವನ ಕತ್ತಿನ ಮೇಲೆ ಗಂಜಲ ಹೊಯ್ಯಿತು. ರೈತ ಕತ್ತು ಒರೆಸಿಕೊಂಡ. ಏಳಲಿಲ್ಲ.

"ಏನು ಬೇಕಾದ್ರೂ ಮಾಡ್ಕೋ. ನೀನು ಎದ್ದು ಓಡಾಡೋವರೆಗೂ ನಾನು ಬಿಡಲ್ಲ ಕಣೇ" ಎಂದ.

ನಿನ್ನೆಯ ವ್ಯಾಪಾರಿ ಇಂದೂ ಬಂದ. ಇಂಥ ನೋಟ ಬಿಟ್ಟು ಹೋಗುವ ಜಾತಿಯೇ ಅಲ್ಲ ಅವನು. "ಅಯ್ಯೋ ಶಿವನೇ! ಊರ ಯಜಮಾನ್ರಿಗೇ ಬಗ್ಗದವನು ಮೇಕೆ ಕಾಲಿಗೆ ಬಿದ್ದಿದ್ದೀಯಲ್ಲೋ! ಕಾರ್ಯವಾಸಿ ಕತ್ತೆ ಕಾಲು ಹಿಡಿ ಅಂತಾರೆ. ಕತ್ತೆ ಸಿಗಲಿಲ್ವಾ?"

"ಸಿಕ್ಕಿದೆ, ಬೇಲಿ ಆಚೆ ನಿಂತಿದೆ. ಮೊದ್ಲು ಇದರ ಕಾಲು ಮುಗೀಲಿ, ಆಮೇಲೆ ಅದರದ್ದು" ಎಂದು ಮೇಕೆಯ ಕೆಳಗಿನಿಂದ ಉತ್ತರ ಬಂತು.

ವ್ಯಾಪಾರಿಗೆ ತುರ್ತು ಕೆಲಸವೊಂದು ನೆನಪಾಯಿತು.

ರೈತ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲನ್ನು ನೆನೆಸಿದ. ಚಿಮಟದಿಂದ ಮುಳ್ಳು ಕಿತ್ತ. ಕೀವು ಹರಿಯಿತು. ನೀರು ತಿಳಿಯಾಗುವವರೆಗೂ ತೊಳೆದ, ಒರೆಸಿದ, ಬೇವಿನೆಣ್ಣೆಯ ಅರಿಶಿನ ತುಂಬಿದ. ಬಿಗಿಯಾಗದ ಹಾಗೆ ಬಟ್ಟೆ ಕಟ್ಟಿದ. ಇನ್ನುಳಿದ ಮೂರು ಕಾಲಿನ ಕಟ್ಟುಗಳನ್ನು ಬಿಚ್ಚಿ ಹಾಕಿದ. ಅದರಲ್ಲಿ ಒಂದನ್ನು ಮೇಕೆ ಬಾಯಿಗೆ ಹಾಕಿಕೊಂಡಿತು. ಕಹಿ ತಡೆಯದೆ ಉಗುಳಿ ಅವನ ಮುಖ ನೋಡಿತು. ಗಂಡ ಹೆಂಡತಿ ಇಬ್ಬರೂ ನಕ್ಕರು. ಅದಕ್ಕೆ ಹಸಿವು ಮರಳಿತ್ತು.

ಅಂದಿನಿಂದ ದಿನಕ್ಕೆ ಎರಡು ಸಲ ಅವನು ನೆಲಕ್ಕೆ ಬೀಳುತ್ತಿದ್ದ. ಹೆಂಡತಿ ಒಣಹುಲ್ಲು ಹಾಸಿ ನೆಲ ತೇವವಾಗದಂತೆ ನೋಡಿಕೊಂಡಳು. ಸೊಪ್ಪು, ನೀರು ಮೇಕೆಯ ಬಾಯಿಯ ಹತ್ತಿರವೇ ಬಂದವು. ಎರಡನೆಯ ದಿನವೂ ಒದೆ ಬಿತ್ತು. ಮೂರನೆಯ ದಿನವೂ ಬಿತ್ತು, ಆದರೆ ಮೆಲ್ಲಗೆ. ಆರನೆಯ ದಿನ ಅವನು ಮಲಗಿ ಅಂಗೈ ಚಾಚಿದಾಗ ಮೇಕೆ ತಾನಾಗಿಯೇ ಕಾಲನ್ನು ಅವನ ಕೈಯಲ್ಲಿ ಇಟ್ಟಿತು. ರೈತ ಆ ಕಾಲನ್ನು ಹಿಡಿದುಕೊಂಡು ಸುಮ್ಮನೆ ಮಲಗಿಯೇ ಇದ್ದ. ಔಷಧಿ ಹಚ್ಚುವುದು ಮರೆತೇ ಹೋಗಿತ್ತು.

ಒಂಬತ್ತನೆಯ ದಿನ ಅದು ನಾಲ್ಕೂ ಕಾಲು ಊರಿತು. ದಿನ ತುಂಬಿದಾಗ ಎರಡು ಮರಿ ಹಾಕಿತು. ಒಂದು ಆ ಕಡೆ, ಒಂದು ಈ ಕಡೆ, ಬಾಲ ಅಲ್ಲಾಡಿಸುತ್ತಾ ತಾಯಿಯ ಕೆಚ್ಚಲು ಗುದ್ದಿ ಗುದ್ದಿ ಹಾಲು ಕುಡಿದವು. ತಾಯಿ ಅಲುಗಾಡದೆ ನಿಂತಿತ್ತು. ಆಮೇಲೆ ರೈತ ತನ್ನ ಎತ್ತರದ ಬಾಗಿಲಿನಲ್ಲೂ ಬಗ್ಗಿಯೇ ಒಳಗೆ ಹೋಗುತ್ತಿದ್ದನಂತೆ. ಅಭ್ಯಾಸವಾಗಿಬಿಟ್ಟಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಎಂಥ ದಡ್ಡ ಗುರುಗಳೇ ಅವನು! ಮೂರು ದಿನ ನೋವೇ ಇಲ್ಲದ ಮೂರು ಕಾಲು ಹಿಡಿದುಕೊಂಡು ಕೂತಿದ್ದನಲ್ಲ!"

"ಹೌದು, ಪಾಪ" ಎಂದರು ಗುರುಗಳು. "ಆ ಮೂರು ಕಾಲು ಅವನಿಗೆ ಪಾಯಸವನ್ನೂ ಹಾಕಿಸಲಿಲ್ಲ."