ಕಡಲಕ್ಕಿಯ ತಲೆ ಕಂದಾದದ್ದು

ಬಾ ಮಗಾ, ನನ್ನ ಸೆರಗಿನೊಳಗೆ ಕೂತುಕೋ. ಮಂಜು ತಣ್ಣಗಿದೆ. ಎಷ್ಟು ದಿಟ್ಟಿಸಿದರೂ ಅಪ್ಪನ ದೋಣಿ ಈಗ ಕಾಣುವುದಿಲ್ಲ. ನನಗೂ ಕಾಣುತ್ತಿಲ್ಲ. ನಿನ್ನ ಹಾಗೇ ನನ್ನ ಎದೆಯೂ ಹೊಡೆದುಕೊಳ್ಳುತ್ತಿದೆ, ಸುಳ್ಳೇಕೆ ಹೇಳಲಿ? ಮಂಜು ಕರಗುವವರೆಗೆ ಒಂದು ಕತೆ ಹೇಳುತ್ತೇನೆ. ಕಣ್ಣು ಮಾತ್ರ ನೀರಿನ ಮೇಲೇ ಇರಲಿ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಸಮುದ್ರಕ್ಕೆ ಉಪ್ಪಿನ ಹದ ಸಿಕ್ಕಿರಲಿಲ್ಲ. ಒಂದು ದಿನ ಸಪ್ಪೆ, ಒಂದು ದಿನ ಬಾಯಿಗಿಡಲಾರದಷ್ಟು ಉಪ್ಪು. ನೇರ ನಡೆಯಲೋ ಅಡ್ಡ ನಡೆಯಲೋ ಎಂದು ಏಡಿ ಇನ್ನೂ ಯೋಚಿಸುತ್ತಾ ನಿಂತಿತ್ತು. ಹಕ್ಕಿ, ಹೊಳೆ, ಗಾಳಿ, ಮನುಷ್ಯರು ಎಲ್ಲರೂ ಒಬ್ಬರಿಗೊಬ್ಬರು ತಿಳಿಯುವ ಹಾಗೆ ಮಾತಾಡುತ್ತಿದ್ದರು.

ಆಗ ಕಡಲಕ್ಕಿಯ ತಲೆ ವರ್ಷವಿಡೀ ಬಿಳಿಯಾಗಿತ್ತು. ಮೈ ಬಿಳಿ, ತಲೆ ಬಿಳಿ, ಕೊಕ್ಕು ಮತ್ತು ಕಾಲು ಮಾತ್ರ ಕೆಂಪು. ದೂರದ ಬಡಗಣ ದೇಶದಲ್ಲಿ ಕೆರೆಯ ನೀರು ಕಲ್ಲಾದಾಗ ಅವು ಹಿಂಡುಹಿಂಡಾಗಿ ನಮ್ಮ ಗಂಗಾವಳಿ ಹೊಳೆಯ ಅಳಿವೆಗೆ ಬರುತ್ತಿದ್ದವು. ಅಳಿವೆ ಅಂದರೆ ಗೊತ್ತಲ್ಲ, ಹೊಳೆ ಸಮುದ್ರ ಸೇರುವ ಬಾಯಿ. ಚಳಿಗಾಲವೆಲ್ಲ ಇಲ್ಲಿ ಮೀನು ತಿಂದು, ಮಾವು ಹೂ ಬಿಟ್ಟ ಮೇಲೆ ಮೊಟ್ಟೆಯಿಡಲು ಬಡಗಣಕ್ಕೆ ಹಾರುತ್ತಿದ್ದವು.

ಅಳಿವೆಯ ಪಕ್ಕದಲ್ಲಿ ಮಾಣಕಿ ಎನ್ನುವ ಹೆಂಗಸು ಇದ್ದಳು. ಅವಳ ಗಂಡ ಜಟ್ಟಿ. ಅವನು ಮೀನು ಹಿಡಿದು ತರುತ್ತಿದ್ದ, ಇವಳು ಬಲೆಗೆ ಬಣ್ಣ ಕಟ್ಟುತ್ತಿದ್ದಳು. ಬಿಳಿ ನೂಲಿನ ಬಲೆಯನ್ನು ಹಾಗೇ ನೀರಿಗಿಳಿಸಿದರೆ ಬೇಗ ಕೊಳೆಯುತ್ತದೆ. ಅದಕ್ಕೆ ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡದ ತೊಗಟೆಯನ್ನು ದೊಡ್ಡ ಮಡಕೆಯಲ್ಲಿ ಕುದಿಸಿ, ಆ ಕಂದು ನೀರಿನಲ್ಲಿ ಬಲೆ ಅದ್ದಿ ಒಣಗಿಸುವುದು. ಕೈಗೆ ಹತ್ತಿದರೆ ಎಷ್ಟು ತಿಕ್ಕಿದರೂ ಹೋಗದ ಬಣ್ಣ ಅದು.

ಮಾಣಕಿ ಮೀನು ಸೀಳುವಾಗ ಒಂದು ಕಡಲಕ್ಕಿ ದಿನವೂ ಬಂದು ಎದುರು ನಿಲ್ಲುತ್ತಿತ್ತು. ಅವಳು ಕರುಳು ಎಸೆದರೆ ಗಾಳಿಯಲ್ಲೇ ಹಿಡಿಯುತ್ತಿತ್ತು. ತಡವಾದರೆ ಬೈಯುತ್ತಿತ್ತು. ಅವಳೂ ಬಿಡುತ್ತಿರಲಿಲ್ಲ, "ನಿನ್ನ ಹೊಟ್ಟೆಗೆ ಬುಡವೇ ಇಲ್ವನೆ?" ಎಂದು ಗದರಿ ಇನ್ನೊಂದು ಎಸೆಯುತ್ತಿದ್ದಳು.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಸಮುದ್ರಕ್ಕೆ ಹೊರಟವನನ್ನು ಹಿಂದಿನಿಂದ ಕರೆಯಬಾರದು. ಬುತ್ತಿ ಮರೆತರೂ ಕರೆಯಬಾರದು, ಹುಟ್ಟು ಮರೆತರೂ ಕರೆಯಬಾರದು. ಕರೆದರೆ ಅಪಶಕುನ.

ಒಂದು ದಿನ ಬೆಳಕು ಹರಿಯುವ ಹೊತ್ತು. ಚಳಿಗಾಲ ಮುಗಿದು ಒಂದೆರಡು ದಿನವಾಗಿತ್ತು, ಈಗಿನ ಹಾಗೇ. ಜಟ್ಟಿ ದೋಣಿಯನ್ನು ನೀರಿಗೆ ನೂಕಿ ಹತ್ತಿದ. ಮಾಣಕಿ ಮಡಕೆಯ ಕೆಳಗೆ ಬೆಂಕಿ ಸರಿಮಾಡುತ್ತಾ ತಲೆಯೆತ್ತಿದಳು. ಹೊಳೆಯ ಕಡೆಯಿಂದ ಮಂಜು ಉರುಳಿ ಬರುತ್ತಿತ್ತು. ಜಟ್ಟಿಯ ಬೆನ್ನು ಆ ಕಡೆಗಿತ್ತು, ಅವನು ನೋಡಲಿಲ್ಲ.

ಮಾಣಕಿ ನೋಡಿದಳು. ಕರೆಯಬೇಕೆಂದು ಬಾಯಿ ತೆರೆದಳು. ಕಟ್ಟಳೆ ನೆನಪಾಯಿತು. ಬಾಯಿ ಮುಚ್ಚಿದಳು. ಅಷ್ಟರಲ್ಲಿ ದೋಣಿಯೂ ಇಲ್ಲ, ಸಮುದ್ರವೂ ಇಲ್ಲ. ಎಲ್ಲಿ ನೋಡಿದರೂ ಬಿಳಿ.

ಅಳಿವೆಯ ಎಡಕ್ಕೆ ಬಂಡೆಗಳಿವೆ, ನಿನಗೆ ಗೊತ್ತು. ಆಗಲೂ ಇದ್ದವು. ಅಲೆ ಅಲ್ಲಿ ಒಡೆಯುವ ಸದ್ದು ಕೇಳುತ್ತಿತ್ತು.

ಈಗ ಮಾಣಕಿ ಗಂಟಲು ಹರಿಯುವಂತೆ ಕೂಗಿದಳು. ಮಂಜಿನೊಳಗಿಂದ ಜಟ್ಟಿ "ಓ" ಎಂದ. ಮೊದಲು ಬಲಗಡೆಯಿಂದ ಕೇಳಿತು, ಆಮೇಲೆ ಎಡಗಡೆಯಿಂದ. ಮಂಜಿನಲ್ಲಿ ಕೂಗಿಗೆ ದಿಕ್ಕೇ ಇರುವುದಿಲ್ಲ ಮಗಾ. ಅವಳ ಕೂಗು ಅವನಿಗೆ ನಾಲ್ಕೂ ಕಡೆಯಿಂದ ಕೇಳುತ್ತಿತ್ತು. ಅವಳು ಕಾಲು ಸುಟ್ಟ ಬೆಕ್ಕಿನಂತೆ ಮರಳ ಮೇಲೆ ಆಚೆ ಈಚೆ ಓಡಿದಳು.

"ಹೊಳೆಯವ್ವಾ, ನಿನ್ನ ಈ ಮಂಜಿನ ಉಸಿರು ಒಂಚೂರು ಹಿಡ್ಕೊ! ಇವ್ರು ಒಳಗವ್ರೆ" ಎಂದಳು.

ಹೊಳೆ ಅಳುಕುತ್ತಾ ಹೇಳಿತು: "ಬಿಟ್ಟ ಉಸಿರನ್ನ ಹೆಂಗೆ ಹಿಡಿಲಿ ಮಗಳೆ? ಬಿಸ್ಲು ಏರಿದ್ಮೇಲೇ ಅದು ಕರಗುದು."

"ಗಾಳಿಯಪ್ಪಾ, ನೀನಾದ್ರೂ ಬೀಸು!"

"ಬೀಸೂಕೆ ನಂಗೇನು ಕಷ್ಟ?" ಎಂದಿತು ಗಾಳಿ. "ಕಣ್ಣು ಕಾಣ್ದೆ ಬೀಸಿದ್ರೆ ದೋಣಿನ ಬಂಡೆಗೇ ಬಡಿತೆ. ಆಮೇಲೆ ನನ್ನ ಬೈಬೇಡ."

ಮಾಣಕಿ ಮರಳಲ್ಲಿ ಕುಸಿದು ಕೂತಳು.

ಆ ದಿನವೇ ಕಡಲಕ್ಕಿಗಳು ಬಡಗಣಕ್ಕೆ ಹೊರಡುವ ದಿನ. ಹಿಂಡೆಲ್ಲ ಮರಳ ದಿಬ್ಬದ ಮೇಲೆ ಸೇರಿತ್ತು. ಹಿಂಡಿನ ಮುದಿ ಹಕ್ಕಿ ಎಲ್ಲರನ್ನೂ ಅವಸರಪಡಿಸುತ್ತಿತ್ತು. ಮಾಣಕಿಯ ಎದುರು ದಿನವೂ ನಿಲ್ಲುತ್ತಿದ್ದ ಹಕ್ಕಿ ಮಾತ್ರ ಸಾಲು ಬಿಟ್ಟು ಬಂತು.

"ಅಳಬೇಡ್ವೆ. ನಾ ಹುಡುಕ್ತೆ" ಎಂದು ಮಂಜಿನೊಳಗೆ ನುಗ್ಗಿತು.

ಹುಡುಕಿತು. ಜಟ್ಟಿಯ ತಲೆಯ ಮೇಲೇ ಹಾರಿ "ನನ್ನ ಹಿಂದೆ ಬಾ" ಎಂದು ಕೂಗಿತು. ಜಟ್ಟಿ ಮೇಲೆ ನೋಡಿದ, ಕೆಳಗೆ ನೋಡಿದ. ಬಿಳಿಯೊಳಗೆ ಬಿಳಿ ಕಾಣುತ್ತದೆಯೇ? ಕೂಗಿನ ಕಡೆಗೆಂದು ಹುಟ್ಟು ಹಾಕಿದ, ದೋಣಿ ಬಂಡೆಯ ಕಡೆಗೇ ತಿರುಗಿತು. ಹಕ್ಕಿ ಹೆದರಿ ದಡಕ್ಕೆ ಹಾರಿಬಂತು.

"ಅವ್ನಿಗೆ ನಾ ಕಾಣುದಿಲ್ವೆ! ಬಂಡೆ ಹತ್ರ ಆಯ್ತು!"

ಮಾಣಕಿ ತನ್ನ ಕೈ ನೋಡಿಕೊಂಡಳು. ಮೊಣಕೈವರೆಗೆ ಕಂದು ಬಣ್ಣ. ಮಂಜಿನಲ್ಲಿ ಕಾಣುತ್ತಿದ್ದದ್ದು ಅದೊಂದೇ. ಮಡಕೆಯ ಕಡೆ ತಿರುಗಿದಳು. ಹಕ್ಕಿಯೂ ಮಡಕೆಯ ಕಡೆ ನೋಡಿತು.

"ಬೇಡ" ಎಂದು ದಿಬ್ಬದಿಂದ ಮುದಿ ಹಕ್ಕಿ ಕೂಗಿತು. "ಬಿಳಿ ತಲೆ ನೋಡಿ ನಮ್ಮೋರು ಅಂತ ಗುರ್ತು ಹಿಡೂದು ನಾವು. ಬಣ್ಣ ಬಳ್ಕೊಂಡು ಬಂದ್ರೆ ಕುಕ್ಕಿ ಓಡಿಸ್ತ್ರು. ನೀ ಒಬ್ಬಳೇ ಬಡಗಣಕ್ಕೆ ಹೆಂಗೆ ಹೋಗ್ತೆ?"

ಹಕ್ಕಿ ಮಾಣಕಿಯ ಕಡೆ ತಿರುಗಿತು. "ಹೌದನೆ ಮಾಣಕಿ? ನಮ್ಮೋರು ನನ್ನ ಬಿಟ್ಟುಬಿಡ್ತ್ರಾ?"

"ನಂಗೆ ಗೊತ್ತಿಲ್ವೆ" ಎಂದಳು ಮಾಣಕಿ. ಸಮಾಧಾನಕ್ಕೂ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ನೀ ಒಲ್ಲೆ ಅಂದ್ರೂ ನಾ ಬೇಜಾರು ಮಾಡ್ಕಳುದಿಲ್ಲ."

ಮಂಜಿನೊಳಗಿಂದ ಜಟ್ಟಿಯ ಕೂಗು ಬಂತು. ಈ ಸಲ ಅಲೆಯ ಸದ್ದಿಗೆ ತೀರ ಹತ್ತಿರದಿಂದ ಬಂತು.

ಹಕ್ಕಿ ಕತ್ತು ಮುಂದೆ ಚಾಚಿತು. "ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಹಚ್ಚು ಬೇಗ."

ಮಾಣಕಿ ಕರಟದಲ್ಲಿ ಬಣ್ಣ ಮೊಗೆದು, ಸಮುದ್ರದ ನೀರು ಬೆರೆಸಿ ತಣ್ಣಗೆ ಮಾಡಿದಳು. ಕಣ್ಣಿಗೆ ಹೋಗಬಾರದೆಂದು ಹಕ್ಕಿಯ ಕಣ್ಣುಗಳ ಮೇಲೆ ಎರಡು ಬೆರಳಿಟ್ಟು, ತಲೆಯಿಂದ ಕುತ್ತಿಗೆಯವರೆಗೆ ಸುರಿದಳು. ತಲೆಯೆಲ್ಲ ಕಂದಾಯಿತು. ಬೆರಳಿಟ್ಟಿದ್ದ ಕಡೆ, ಕಣ್ಣಂಚಿನಲ್ಲಿ ಮಾತ್ರ ಬಿಳಿ ಉಳಿಯಿತು.

ಹಕ್ಕಿ ಹಾರಿಹೋಯಿತು. ಆಮೇಲೆ ಏನೂ ಕೇಳಲಿಲ್ಲ. ಜಟ್ಟಿಯ ಕೂಗೂ ಇಲ್ಲ, ಹಕ್ಕಿಯ ಕೂಗೂ ಇಲ್ಲ. ಮಾಣಕಿ ಸೊಂಟದವರೆಗೆ ನೀರಿನಲ್ಲಿ ನಿಂತಳು. ಉಸಿರಾಡಿದರೆ ಎಲ್ಲಿ ಸದ್ದು ತಪ್ಪಿಹೋಗುತ್ತದೋ ಎಂದು ಉಸಿರು ಬಿಗಿಹಿಡಿದಳು. ಗಾಳಿ ಸುಮ್ಮನಿತ್ತು. ಹೊಳೆ ಕೂಡ ಮೆಲ್ಲಗೆ ಹರಿಯಿತು. ಕಾಯುವ ಹೊತ್ತು ಎಷ್ಟು ಉದ್ದ ಅಂತ ನಿನಗೆ ಇವತ್ತು ಗೊತ್ತಾಗಿದೆಯಲ್ಲ, ಅಷ್ಟು ಉದ್ದ.

ಆಗ ಮಂಜಿನಲ್ಲಿ ಒಂದು ಕಂದು ಚುಕ್ಕೆ ಕಂಡಿತು. ಚುಕ್ಕೆ ದೊಡ್ಡದಾಯಿತು. ಅದರ ಕೆಳಗೆ ರೆಕ್ಕೆ ಕಂಡಿತು. ರೆಕ್ಕೆಯ ಹಿಂದೆ ದೋಣಿಯ ತುದಿ ಕಂಡಿತು.

ಎದುರಿನಿಂದ ಕರೆಯಲು ಯಾವ ಕಟ್ಟಳೆ ಅಡ್ಡ? ಮಾಣಕಿ ಕರೆದಳು, ಅತ್ತಳು, ಮತ್ತೆ ಕರೆದಳು.

ಜಟ್ಟಿ ದಡಕ್ಕೆ ಬಂದವನೇ ಕೇಳಿದ: "ಮಂಜು ಬರುದು ಕಂಡ್ರೂ ಕರೀಲಿಲ್ಲಾ?"

"ಕರದ್ರೆ ಅಪಶಕುನ ಅಲ್ದಾ?"

"ಮಾರಾಯ್ತಿ, ನಾ ಬಂಡೆಗೆ ಬಡ್ದಿದ್ರೆ ಅದು ಶಕುನವಾ?"

ಅಂದಿನಿಂದ ನಮ್ಮ ದಡದಲ್ಲಿ ಮಂಜು ಕಂಡರೆ ಹಿಂದಿನಿಂದಲೂ ಕರೆಯಬಹುದು. ನೀನು ಬೆಳಿಗ್ಗೆ ಕರೆದದ್ದು ತಪ್ಪಲ್ಲ ಮಗಾ. ಅಲೆಯ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಲಿಲ್ಲ, ಅಷ್ಟೆ.

ಹಕ್ಕಿಯ ಗತಿ ಏನಾಯಿತು ಅಂತೀಯಾ? ಅದು ತಲೆ ತಗ್ಗಿಸಿ ದಿಬ್ಬದ ಕಡೆ ನಡೆಯಿತು. ಯಾರೂ ಕುಕ್ಕಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಮುದಿ ಹಕ್ಕಿ ಬಲಕ್ಕೆ ನೋಡಿತು, ಎಡಕ್ಕೆ ನೋಡಿತು. ಮಂಜಿನಲ್ಲಿ ತನ್ನ ಪಕ್ಕದವರೇ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಆ ಕಂದು ತಲೆ ಒಂದೇ.

"ಹೋದ ವರ್ಷ ಇಂಥದೇ ಮಂಜಲ್ಲಿ ನನ್ನ ಮಗಳು ಹಿಂದೆ ಉಳೀತು" ಎಂದಿತು ಅದು ಮೆಲ್ಲಗೆ. "ಬಿಳಿಯೊಳಗೆ ಬಿಳಿ. ನಾ ತಿರುಗಿ ನೋಡ್ದೆ, ಕಾಣ್ಲಿಲ್ಲ."

ಹಾಗೆಂದು ಮುದಿ ಹಕ್ಕಿ ತಾನೇ ಮಾಣಕಿಯ ಮುಂದೆ ಹೋಗಿ ಕತ್ತು ಚಾಚಿತು. ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು, ಇಡೀ ಹಿಂಡು ಸಾಲು ನಿಂತಿತು. ಮಾಣಕಿ ಪ್ರತಿಯೊಂದರ ಕಣ್ಣಿಗೂ ಬೆರಳಿಟ್ಟು ಬಣ್ಣ ಹಚ್ಚಿದಳು. ಆ ವರ್ಷ ಬಡಗಣದ ದಾರಿಯಲ್ಲಿ ಒಂದು ಹಕ್ಕಿಯೂ ತಪ್ಪಿಸಿಕೊಳ್ಳಲಿಲ್ಲ.

ಅದಕ್ಕೇ ಮಗಾ, ಚಳಿಗಾಲದಲ್ಲಿ ಬರುವಾಗ ಕಡಲಕ್ಕಿಯ ತಲೆ ಬಿಳಿ. ಬಣ್ಣವೆಲ್ಲ ತೊಳೆದುಹೋಗಿ ಕಿವಿಯ ಹತ್ತಿರ ಒಂದು ಕಲೆ ಮಾತ್ರ ಇರುತ್ತದೆ. ಮಾವು ಹೂ ಬಿಟ್ಟು ಮಂಜಿನ ದಿನ ಬಂತೆಂದರೆ ಹೊರಡುವ ಮೊದಲು ತಲೆ ಮತ್ತೆ ಕಂದಾಗುತ್ತದೆ, ಕಣ್ಣಂಚಿನಲ್ಲಿ ಮಾಣಕಿಯ ಬೆರಳಿನ ಗುರುತು ಬಿಳಿಯಾಗಿ ಉಳಿಯುತ್ತದೆ. ಮಂಜಿನಲ್ಲಿ ಇವತ್ತಿಗೂ ಮೊದಲು ಕಾಣುವುದು ಆ ಕಂದು ತಲೆಯೇ. ಅಗೋ, ಅಲ್ಲಿ ಒಂದು ಕಂಡಿತಲ್ಲ? ಏಳು, ನೀರಿನ ಹತ್ತಿರ ಹೋಗಿ ಅಪ್ಪನನ್ನು ಗಂಟಲು ಬಿಟ್ಟು ಕರೆ.