ಹಳೆಯ ಬ್ಲೋವರಿಗೆ ಹೊಸ ರೋಟರು

ತುಂಗಭದ್ರೆಯ ದಂಡೆಯ ಮೇಲೆ ಒಂದು ಲೇತಿನ ಶೆಡ್ಡು. ಅದರ ಯಜಮಾನ ದಾವಲ್‌ಸಾಬ್. ಊರಿಗೆಲ್ಲ ಉಸ್ತಾದ್.

ಅಲ್ಲಿ ಒಂದು ಕಟ್ಟಳೆ ಇತ್ತು. ಗಿರಾಕಿ ಕೆಲಸ ತಂದರೆ ಆಗುತ್ತೆ, ಆಗಲ್ಲ ಎಂದು ಹೇಳುವವರು ಉಸ್ತಾದ್ ಒಬ್ಬರೇ. ಶಿಷ್ಯ ಎಷ್ಟೇ ಪಳಗಿರಲಿ, ಬಾಯಿ ತೆರೆಯುವಂತಿಲ್ಲ. ಯಾವನಿಗೆ ಅವರು "ನೀನೇ ಹೇಳು" ಎನ್ನುತ್ತಾರೋ ಅವನ ಕಲಿಕೆ ಮುಗಿಯಿತು. ಅವನು ಹೋಗಿ ಸ್ವಂತ ಶೆಡ್ಡು ಹಾಕಬಹುದು.

ಶಿಷ್ಯ ಮೌನೇಶ ಹನ್ನೊಂದು ವರ್ಷ ಆ ಮಾತಿಗಾಗಿ ಕಾದಿದ್ದ.

ಉಸ್ತಾದ್ ಕಣ್ಣಿನ ಆಪರೇಷನ್ನಿಗೆ ಹುಬ್ಬಳ್ಳಿಗೆ ಹೋಗಿದ್ದ ವಾರ, ಅಕ್ಕಿ ಗಿರಣಿಯ ಗುರುಶಾಂತಪ್ಪ ಶೆಡ್ಡಿಗೆ ಬಂದರು. ಅವರ ತಂದೆಯ ಕಾಲದ ರೇಸು ಕಾರಿನ ಸೂಪರ್‌ಚಾರ್ಜರ್ ಆಳುಗಳ ಕೈಯಲ್ಲಿತ್ತು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಶೆಡ್ಡಿನವರು ಅದನ್ನು ಬ್ಲೋವರ್ ಎನ್ನುತ್ತಾರೆ.

ಅದರೊಳಗೆ ಎರಡು ರೋಟರು. ಡಮರುಗದ ಹಾಗೆ ನಡು ಸಣ್ಣ. ಹೊರಗಿನ ಗೇರುಗಳು ಅವನ್ನು ಅಕ್ಕಪಕ್ಕದಲ್ಲಿ ತಿರುಗಿಸುತ್ತವೆ. ಒಂದನ್ನೊಂದು ಮುಟ್ಟುವುದಿಲ್ಲ, ಸುತ್ತಲಿನ ಕೇಸಿನ ಗೋಡೆಯನ್ನೂ ಮುಟ್ಟುವುದಿಲ್ಲ.

"ಮಗಳು ಘಾಟಿ ರೇಸಿಗೆ ಇಳೀತಾಳೆ. ಇದು ಬರೀ ಸದ್ದು ಮಾಡ್ತೈತೆ, ಕಸುವಿಲ್ಲ. ಹೊಸ ರೋಟರು ಮಾಡಿ ಹಾಕಿದ್ರೆ ಜೋರು ಬರುತ್ತಂತೆ. ಆಗುತ್ತೇನಪಾ?"

ಮೌನೇಶ ರೋಟರಿಗೂ ಕೇಸಿಗೂ ನಡುವಿನ ಸಂದಿಗೆ ಅಳತೆ ಗೇಜಿನ ಉಕ್ಕಿನ ಎಲೆ ತೂರಿಸಿ ನೋಡಿದ. ದಪ್ಪನೆಯ ಎಲೆಯೇ ಸಲೀಸಾಗಿ ಹೋಯಿತು.

"ಅರವತ್ತು ವರ್ಷ ತಿರುಗಿ ಸವೆದೈತ್ರೀ. ಇಷ್ಟು ಸಂದಿದ್ರೆ ಗಾಳಿ ಹಿಂದಕ್ಕೇ ಸೋರುತ್ತೆ. ಅದರ ಮೂರರಲ್ಲಿ ಒಂದು ಪಾಲು ಸಂದಿಟ್ಟು ಹೊಸದು ಮಾಡಿಕೊಡ್ತೀನಿ."

"ಆಗುತ್ತೆ ಅಂತೀಯಾ?"

"ಆಗುತ್ತೆ."

ಮಾತು ಬಾಯಿ ದಾಟಿಬಿಟ್ಟಿತ್ತು.

ವಾರದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಬಂದ ಉಸ್ತಾದ್ ಎಲ್ಲವನ್ನೂ ಕೇಳಿದರು. ರೋಟರಿನ ನಕ್ಷೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮಡಿಸಿ ವಾಪಸು ಕೊಟ್ಟರು.

"ಮಾಡು," ಎಂದರು.

ಮೌನೇಶ ಬೈಗುಳಕ್ಕೆ ತಯಾರಾಗಿ ನಿಂತಿದ್ದ. ಅದು ಬರಲಿಲ್ಲ. ಆ ದಿನವೂ ಬರಲಿಲ್ಲ, ಮುಂದಿನ ಮೂರು ತಿಂಗಳೂ ಬರಲಿಲ್ಲ.

ಅಲ್ಯೂಮಿನಿಯಂ ದಿಮ್ಮಿಯಿಂದ ಅವನು ಎರಡು ರೋಟರು ಕೊರೆದ. ಒಂದು ಕೆಟ್ಟಿತು, ಬಿಸಾಕಿ ಮತ್ತೆ ಕೊರೆದ. ಕೊನೆಗೆ ಕೇಸಿನಲ್ಲಿ ಕೂರಿಸಿ ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ಸುತ್ತಿದವು. ತುದಿಯ ಸಂದಿಗೆ ಗೇಜಿನ ಅತಿ ತೆಳು ಎಲೆ ಮಾತ್ರ ಹೋಗುತ್ತಿತ್ತು.

ಒಯ್ಯಲು ಗುರುಶಾಂತಪ್ಪ ತಾವೇ ಬಂದರು. ಜೊತೆಗೆ ಮಗಳು ಅಕ್ಷತಾ.

ಆಕೆ ಬಗ್ಗಿ ನೋಡಿ ನಕ್ಕಳು. "ಅಣ್ಣಾ, ಕನ್ನಡಿ ಥರ ಮಾಡೀರಲ್ಲ! ಭಾನುವಾರ ನಾನೇ ಫಸ್ಟು ಬಿಡ್ರಿ."

ಗಿರಾಕಿ ಹಾಗೆ ನಕ್ಕಾಗ ಮಾಲು ಆಗಲೇ ಅವನ ಮನೆ ಸೇರಿರುತ್ತದೆ. ಮೌನೇಶನಿಗೂ ಅದು ಗೊತ್ತಿತ್ತು. ಅವನು ಉಸ್ತಾದರ ಮುಖ ನೋಡಿದ.

ಉಸ್ತಾದ್ ಬೆರಳಲ್ಲಿ ರೋಟರು ತಿರುಗಿಸಿದರು. "ಚೆನ್ನಾಗೈತೆ," ಎಂದರು. "ಬಿಚ್ಚು."

"ಉಸ್ತಾದ್?"

"ರೋಟರು ಹೊರಗೆ ತೆಗಿ ಅಂದೆ."

ಮೌನೇಶ ಬಿಚ್ಚಿದ. ಉಸ್ತಾದ್ ಎರಡನ್ನೂ ಎತ್ತಿಕೊಂಡು ಶೆಡ್ಡಿನ ಹಿಂದೆ ನಡೆದರು. ಅಲ್ಲಿ ಜಿಡ್ಡಿನ ಸಾಮಾನು ತೊಳೆಯಲು ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ರೋಟರುಗಳನ್ನು ತಂತಿಗೆ ಕಟ್ಟಿ ಅದರೊಳಗೆ ಇಳಿಬಿಟ್ಟರು.

ಮೌನೇಶ ಚೀರಿದ. "ಮೂರು ತಿಂಗಳ ಕೆಲಸ ಉಸ್ತಾದ್! ಸಾರಿಗೆ ಹಾಕೋ ಬದನೆಕಾಯಿ ಅಂತ ತಿಳ್ಕೊಂಡ್ರಾ?"

"ಮುದುಕನಿಗೆ ಕಣ್ಣು ಇನ್ನೂ ಸರಿ ಹೋಗಿಲ್ಲ ಅನ್ನಿಸುತ್ತೆ," ಎಂದರು ಗುರುಶಾಂತಪ್ಪ, ಮೆಲ್ಲಗೆ.

"ಕಿವಿ ಸರಿ ಐತ್ರೀ," ಎಂದರು ಉಸ್ತಾದ್.

ಅರ್ಧ ತಾಸು ಬಿಟ್ಟು ತಂತಿ ಎತ್ತಿದರು. ಹಬೆಯಾಡುತ್ತಿದ್ದ ರೋಟರುಗಳನ್ನು ಗೋಣಿಚೀಲದಲ್ಲಿ ಹಿಡಿದು ಶಿಷ್ಯನ ಮುಂದಿಟ್ಟರು.

"ಈಗ ಹಾಕು."

ಮೌನೇಶ ಕೈಗವಸು ತೊಟ್ಟು ಎರಡನ್ನೂ ಕೇಸಿನೊಳಗೆ ಇಳಿಸಿ ಮುಚ್ಚಳ ಇಟ್ಟ.

ಮುಚ್ಚಳ ಕೂರಲಿಲ್ಲ.

ಒತ್ತಿದ. ಕೂರಲಿಲ್ಲ. ಸುತ್ತ ಪೋಸ್ಟ್‌ಕಾರ್ಡು ತೂರುವಷ್ಟು ಸಂದು ತೆರೆದೇ ಇತ್ತು. ಅರ್ಧ ತಾಸಿನ ಹಿಂದೆ ಸರಾಗ ಕೂತಿದ್ದ ರೋಟರುಗಳು ಈಗ ಕೇಸಿಗಿಂತ ಉದ್ದವಾಗಿದ್ದವು.

"ಕಾದರೆ ಲೋಹ ಹಿಗ್ಗುತ್ತೆ, ಗೊತ್ತು," ಎಂದ ಮೌನೇಶ. ಅವನ ದನಿ ಅವನಿಗೇ ದೂರದಿಂದ ಬಂದಂತೆ ಕೇಳಿಸಿತು. "ಆದ್ರೆ ಓಡುವಾಗ ಕೇಸೂ ಕಾಯುತ್ತಲ್ಲ. ಎರಡೂ ಜೊತೆಗೇ ಹಿಗ್ಗುತ್ತವೆ."

"ಕೇಸಿಗೆ ಹೊರಗಿನ ಗಾಳಿ ಬಡೀತೈತೆ. ಗಾಳಿ ಒತ್ತಿದ ಕಾವಲ್ಲೇ ಸುತ್ತೋ ಒಳಗಿನದಕ್ಕೆ?"

ಮೌನೇಶ ಮುಚ್ಚಳದಿಂದ ಕೈ ತೆಗೆದ.

ಅಕ್ಷತಾ ಕೇಳಿದಳು, "ಘಾಟಿ ಹತ್ತುವಾಗ ಹಿಂಗಾದ್ರೆ ಏನಾಗುತ್ತೆ ಅಜ್ಜಾ?"

"ರೋಟರು ಒಂದೇ ಏಟಿಗೆ ಕೇಸಿಗೆ ಕಚ್ಚಿಕೊಳ್ಳುತ್ತೆ. ಕೇಸು ಒಡೆದು ಚೂರು ಸಿಡೀತೈತೆ. ನಿನ್ನ ಕಾಲು ಅದರ ಪಕ್ಕದಲ್ಲೇ ಇರುತ್ತಲ್ಲ ತಾಯಿ?"

ಗುರುಶಾಂತಪ್ಪ ಅಲ್ಲೇ ಇದ್ದ ಎಣ್ಣೆ ಡಬ್ಬದ ಮೇಲೆ ಕೂತುಬಿಟ್ಟರು. ಬಿಳಿ ಪಂಚೆ ಕರಿಯಾದದ್ದು ಅವರಿಗೆ ತಿಳಿಯಲೇ ಇಲ್ಲ. ಅಕ್ಷತಾ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡಳು.

ಮೌನೇಶ ಮೂಲೆಯಲ್ಲಿದ್ದ ಹಳೆಯ ರೋಟರುಗಳ ಕಡೆ ಕೈ ತೋರಿಸಿದ. "ಇವು ಸವೆದಿದ್ದವು ಉಸ್ತಾದ್! ನಾನೇ ಅಳೆದಿದ್ದೆ. ಸವೆದ ಅಳತೆಗೆ ಹೊಸದು ಮಾಡೋಕಾಗುತ್ತಾ?"

"ಎಲ್ಲಿ ಸವೆದಿದ್ದವು?"

"ತುದಿಯಲ್ಲಿ, ಪಕ್ಕದಲ್ಲಿ, ಸುತ್ತಲೂ."

"ಯಾವುದಕ್ಕೆ ಉಜ್ಜಿ?"

"ಕೇಸಿನ ಗೋಡೆಗೆ..."

ಮಾತು ಅಲ್ಲಿಗೇ ಬಿಟ್ಟು ಅವನು ಮೂಲೆಗೆ ನಡೆದ.

ಹಳೆಯ ರೋಟರನ್ನು ಎತ್ತಿ ಬೆಳಕಿಗೆ ಹಿಡಿದ. ಗೀರಿಲ್ಲ. ಅರವತ್ತು ವರ್ಷದ ಹಿಂದೆ ಯಾವನೋ ಮಿಸ್ತ್ರಿ ಹಾಯಿಸಿದ ಉಳಿಯ ಸಣ್ಣ ಗೆರೆಗಳು ಹಾಗೇ ಇದ್ದವು. ಎಂದೂ ಗೋಡೆ ಮುಟ್ಟದ್ದು ಸವೆಯುವುದಾದರೂ ಹೇಗೆ? ಆ ಸಂದನ್ನು ಆ ಮಿಸ್ತ್ರಿ ಬೇಕೆಂದೇ ಬಿಟ್ಟಿದ್ದ.

ಈ ರೋಟರನ್ನು ಅವನು ಮೂರು ತಿಂಗಳು ದಿನಕ್ಕೆ ಹತ್ತು ಸಲ ಮುಟ್ಟಿದ್ದ.

ಗುರುಶಾಂತಪ್ಪ ಎದ್ದರು. ಹೆದರಿಕೆ ಈಗ ಸಿಟ್ಟಾಗಿತ್ತು. "ಹಾಗಾದ್ರೆ ಇದು ಆಗೋ ಕೆಲಸವೇ ಅಲ್ವಾ? ಉಸ್ತಾದ್, ನೀವು ಹೇಳ್ರಿ. ಇವನ ಮಾತು ಕೇಳಿ ಮಗಳನ್ನ ಕಳ್ಕೊಳ್ತಿದ್ದೆ."

ಉಸ್ತಾದ್ ಗೋಣಿಚೀಲದಲ್ಲಿ ಕೈ ಒರೆಸಿಕೊಂಡರು. ಶಿಷ್ಯನ ಕಡೆ ತಿರುಗಿದರು.

"ನೀನೇ ಹೇಳು."

ಹನ್ನೊಂದು ವರ್ಷ ಕಾದ ಮಾತು. ಅದು ಇಂಥ ಹೊತ್ತಿಗೆ ಬಂದೀತೆಂದು ಮೌನೇಶ ಕನಸಿನಲ್ಲೂ ನೆನೆಸಿರಲಿಲ್ಲ. ತನ್ನನ್ನೇ ಅಣಕಿಸುತ್ತಿದ್ದಾರೆ ಎಂದುಕೊಂಡು ಉಸ್ತಾದರ ಮುಖ ನೋಡಿದ. ಅಲ್ಲಿ ಅಣಕ ಇರಲಿಲ್ಲ.

ಅವನು ಬೆಂಚಿನ ಅಂಚು ಹಿಡಿದು ನಿಂತ.

"ಹೊಸ ರೋಟರು ಮಾಡೋಕೆ ಆಗುತ್ತೆ. ಭಾನುವಾರಕ್ಕೆ ಆಗಲ್ಲ. ಆದ್ರೂ ನೀವಂದ್ಕೊಂಡಷ್ಟು ಜೋರು ಬರಲ್ಲ. ಸಂದು ಬಿಡಲೇಬೇಕು, ಬಿಟ್ರೆ ಹೊಸದೂ ಹಳೇದರ ಹತ್ತಿರವೇ. ಸ್ವಲ್ಪ ಹಗುರ, ಸ್ವಲ್ಪ ನುಣುಪು, ಅಷ್ಟೇ. ಸದ್ದು ಬರ್ತಿದ್ದದ್ದು ಬೇರಿಂಗಿಂದ ಇರಬೇಕು. ಅದನ್ನ ಬದಲಿಸಿ ಹಳೇ ರೋಟರೇ ಹಾಕಿಕೊಡ್ತೀನಿ, ಮೊದಲು ಬಿಸಿ ಮಾಡಿ ನಿಮ್ಮ ಮುಂದೇ ಕೂರಿಸಿ ತೋರಿಸ್ತೀನಿ. ಮೂರು ತಿಂಗಳ ಹಿಂದೆ ನಾ ಹೇಳಿದ್ದು ತಪ್ಪು."

ಗುರುಶಾಂತಪ್ಪ ಉಸ್ತಾದರ ಕಡೆ ನೋಡಿದರು. ಅವರು ಬೀಡಿ ಹುಡುಕುತ್ತಿದ್ದರು.

"ಹಳೇದೇ ಹಾಕ್ರಿ ಅಣ್ಣಾ," ಎಂದಳು ಅಕ್ಷತಾ. "ಬಿಸಿ ಮಾಡುವಾಗ ನಾನೂ ಇರ್ತೀನಿ."

ಕಾರು ದಂಡೆಯ ದಾರಿ ಹಿಡಿದು ಹೋಯಿತು. ಮೌನೇಶ ಹಳೆಯ ರೋಟರನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ.

"ನಕ್ಷೆ ನೋಡಿದ ದಿನವೇ ನಿಮಗೆ ಗೊತ್ತಾಗಿತ್ತು."

"ಹೂಂ."

"ಇವತ್ತು ನೀವು ಇಲ್ಲಿರದೆ ಹೋಗಿದ್ರೆ? ಅವರು ಒಯ್ದೇಬಿಡ್ತಿದ್ರಲ್ಲ ಉಸ್ತಾದ್!"

"ಇರದೆ ಎಲ್ಲಿಗೆ ಹೋಗ್ಲಿ? ಹೋದ ತಿಂಗಳು ಬಳ್ಳಾರಿಯಲ್ಲಿ ಮೊಮ್ಮಗಳ ಮದುವೆ ಆಯ್ತು. ಇದನ್ನ ಬಿಟ್ಟು ಹೋಗಲಿಲ್ಲ. ಮನೇಲಿ ಇನ್ನೂ ಯಾರೂ ಮಾತಾಡಿಸ್ತಿಲ್ಲ."

ಮೌನೇಶ ಬೆಚ್ಚಿ ತಲೆ ಎತ್ತಿದ.

"ಮೊದಲ ದಿನ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ!"

ಉಸ್ತಾದ್ ಬೀಡಿ ಹಚ್ಚಿಕೊಂಡರು.

"ಹೇಳಿದ್ರೆ ನೀನು ಹೂಂ ಅಂದುಬಿಡ್ತಿದ್ದೆ. ಹಳೇ ರೋಟರು ಬೆಳಕಿಗೆ ಹಿಡಿದು ನೋಡ್ತಿರಲಿಲ್ಲ."